ಕಂಪ್ಯೂಟರ್ ಕೈಕೊಟ್ಟಾಗ ಕಂಗಾಲಾಗಬೇಡಿ!

‘ಫಾರ್ಮ್ಯಾಟ್ ಮಾಡಿಬಿಟ್ಟೆ ಅಕ್ಕ, ಈಗ ಹೊಸಾದರ ಹಂಗೆ ಓಡ್ತೈತಿ ನೋಡ್ರಿ...’

ಕೆಲವು ವರ್ಷಗಳ ಹಿಂದೆ ರಿಪೇರಿ ಅಂಗಡಿಯ ಹುಡುಗ ಹೆಮ್ಮೆಯಿಂದ ಹೀಗೆ ಹೇಳಿದಾಗ ನನ್ನ ಎದೆ ಧಸಕ್ಕೆಂದಿತ್ತು. ಕಂಪ್ಯೂಟರ್ ನಿಜಕ್ಕೂ ಹೊಸದರಂತೆ ಓಡುತ್ತಿತ್ತು. ಆದರೆ ಅದರೊಳಗಿದ್ದ ಮಗಳ ಮೊದಲ ಹುಟ್ಟುಹಬ್ಬದ ಫೋಟೊಗಳು, ನಮ್ಮತ್ತೆ ತೊಟ್ಟಿಲು ತೂಗುತ್ತಾ ಹಾಡಿದ ಜೋಗುಳದ ವಿಡಿಯೊ ಎಲ್ಲವೂ ಒರೆಸಿಹೋಗಿದ್ದವು. ಅತ್ತೆ ಈಗಿಲ್ಲ. ಆ ದನಿಯೂ ಇಲ್ಲ.

ಹುಡುಗನ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ? ‘ಒಳಗೇನಿದೆ ಅಕ್ಕ, ಉಳಿಸಬೇಕಾ?’ ಅಂತ ಅವನು ಕೇಳಲಿಲ್ಲ. ‘ಇಂಥದ್ದಿದೆ, ಜೋಪಾನ’ ಅಂತ ನಾನೂ ಹೇಳಲಿಲ್ಲ. ಆಮೇಲೆ ಬಲ್ಲವರೊಬ್ಬರಿಗೆ ವಿಷಯ ಹೇಳಿದೆ. ಅವರು, ‘ಬರೀ ಸ್ಲೋ ಆಗಿದ್ದಕ್ಕೆ ಫಾರ್ಮ್ಯಾಟ್ ಯಾಕೆ ಮಾಡಿಸೋಕೆ ಹೋದ್ರಿ? ಸಿ ಡ್ರೈವ್ ತುಂಬಿತ್ತೇನೋ, ಒಂದಿಷ್ಟು ಬೇಡದ್ದು ಅಳಿಸಿದ್ದರೆ ಸಾಕಿತ್ತು’ ಅಂದರು. ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು.

ಅಂದಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ. ಕಂಪ್ಯೂಟರ್ ಏನೇ ಮೊಂಡು ಹಿಡಿದರೂ ಮೊದಲು ನಾನೇ ನೋಡುವುದು, ಆಮೇಲೆ ಅಂಗಡಿ. ನ್ಯಾಮತಿಯಂಥ ಊರಿನಲ್ಲಿ ಇದು ಅನಿವಾರ್ಯವೂ ಹೌದು. ದೊಡ್ಡ ರಿಪೇರಿ ಎಂದರೆ ಸಿಪಿಯು ಹೊತ್ತುಕೊಂಡು ಶಿವಮೊಗ್ಗಕ್ಕೋ ದಾವಣಗೆರೆಗೋ ಬಸ್ ಹತ್ತಬೇಕು, ಒಂದು ದಿನ ಹಾಳು. ಬೆಂಗಳೂರು, ಹುಬ್ಬಳ್ಳಿಯಲ್ಲಿರುವ ನಿಮಗೆ ಮನೆ ಬಾಗಿಲಿಗೇ ಬರುವವರು ಸಿಗಬಹುದು. ಆದರೆ ಬಂದವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಪಾಡು ಎಲ್ಲ ಊರಿನಲ್ಲೂ ಒಂದೇ ಅಲ್ವಾ?

ಅದರ ಮೇಲೆ ಈಗ ಇನ್ನೊಂದು ಗುಮ್ಮ ಬಂದಿದೆ: ‘ನಿಮ್ಮ ವಿಂಡೋಸ್ ಹಳೇದಾಯ್ತು, ಕಂಪ್ಯೂಟರನ್ನೇ ಬದಲಾಯಿಸಿ.’ ಬದಲಾಯಿಸಲೇಬೇಕಾ? ಅದನ್ನೂ ನೋಡೋಣ. ಮೊದಲು ಮನೆಯಲ್ಲೇ ಮಾಡಿಕೊಳ್ಳಬಹುದಾದ ಸಣ್ಣಪುಟ್ಟ ಚಿಕಿತ್ಸೆಗಳಿಂದ ಶುರು ಮಾಡೋಣ.

ಮೊದಲು ಕಾಪಿ, ಆಮೇಲೆ ರಿಪೇರಿ

ಕಂಪ್ಯೂಟರ್ ಕುಂಟುತ್ತಾ ಆದರೂ ನಡೆಯುತ್ತಿದೆ ಎಂದಾದರೆ, ಮೊದಲ ಕೆಲಸ ಫೋಟೊ, ಲೆಕ್ಕಪತ್ರ, ಮಕ್ಕಳ ಪ್ರಾಜೆಕ್ಟ್‌ಗಳನ್ನು ಹೊರಗೆ ಕಾಪಿ ಮಾಡಿಕೊಳ್ಳುವುದು. ನಮ್ಮ ಸಾಮಾನೆಲ್ಲ ಸಾಧಾರಣವಾಗಿ ನಾಲ್ಕು ಜಾಗದಲ್ಲಿರುತ್ತದೆ: ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮತ್ತು ಡೌನ್‌ಲೋಡ್ಸ್. ಈ ನಾಲ್ಕನ್ನೂ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಹಾಕಿಡಿ. ಪೆನ್‌ಡ್ರೈವ್ ಒಂದೆರಡು ದಿನದ ಓಡಾಟಕ್ಕೆ ಸರಿ. ವರ್ಷಗಟ್ಟಲೆ ಜೋಪಾನ ಮಾಡಲು ಅದನ್ನೊಂದನ್ನೇ ನಂಬಬೇಡಿ. ಗೂಗಲ್ ಖಾತೆಯಲ್ಲಿ 15 ಜಿಬಿ ಜಾಗ ಉಚಿತವಾಗಿ ಸಿಗುತ್ತದೆ. ತೀರಾ ಅಮೂಲ್ಯವಾದ ಫೋಟೊಗಳ ಇನ್ನೊಂದು ಪ್ರತಿ ಅಲ್ಲಿರಲಿ.

ಕಾಪಿ ಆಯಿತು ಅಂತ ಸುಮ್ಮನಾಗಬೇಡಿ. ಆ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ, ನಾಲ್ಕಾರು ಫೋಟೊ ತೆರೆದು ನೋಡಿ. ನಂತರ ಅದನ್ನು ಬಿಚ್ಚಿ ಬೀರುವಿನಲ್ಲಿಡಿ. ಯಾವಾಗಲೂ ಸಿಕ್ಕಿಸಿಯೇ ಇಟ್ಟರೆ ಸಿಡಿಲಿಗೋ ವೈರಸ್ಸಿಗೋ ಎರಡೂ ಒಟ್ಟಿಗೇ ಬಲಿಯಾಗುತ್ತವೆ.

ಒಂದು ವೇಳೆ ನನಗಾದಂತೆ ನಿಮಗೂ ಆಗಿಬಿಟ್ಟರೆ? ತಕ್ಷಣ ಕಂಪ್ಯೂಟರ್ ಆಫ್ ಮಾಡಿ. ಅಳಿಸಿದ ಫೈಲ್ ಹಾರ್ಡ್ ಡಿಸ್ಕಿನಿಂದ ಕೂಡಲೇ ಮಾಯವಾಗುವುದಿಲ್ಲ, ಅದರ ಜಾಗದಲ್ಲಿ ಬೇರೆಯದು ಬಂದು ಕೂರುವವರೆಗೂ ಅಲ್ಲೇ ಇರುತ್ತದೆ. ಬಳಸಿದಷ್ಟೂ ಮರಳಿ ಸಿಗುವ ಆಸೆ ಕಮ್ಮಿಯಾಗುತ್ತದೆ. ಡೇಟಾ ರಿಕವರಿ ಗೊತ್ತಿದ್ದವರ ಹತ್ತಿರ ಒಯ್ದರೆ ಸ್ವಲ್ಪವಾದರೂ ಸಿಗಬಹುದು. ಈಗಿನ ಎಸ್‌ಎಸ್‌ಡಿಗಳಲ್ಲಿ ಮಾತ್ರ ಆ ಸಾಧ್ಯತೆ ಬಹಳ ಕಡಿಮೆ. ನನಗೆ ಇದು ಗೊತ್ತಾಗುವ ಹೊತ್ತಿಗೆ ಆರು ತಿಂಗಳು ಕಳೆದಿತ್ತು...

ಉಸಿರೇ ಇಲ್ಲ ಅಂದರೆ...

ಬಟನ್ ಒತ್ತಿದರೂ ಲೈಟಿಲ್ಲ, ಸದ್ದಿಲ್ಲ. ಗಾಬರಿಯಾಗಬೇಡಿ. ಗೋಡೆಯಿಂದ ಶುರು ಮಾಡಿ. ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ, ಕರೆಂಟ್ ಬರುತ್ತಿದೆಯಾ ನೋಡಿ. ಆಮೇಲೆ ಎಕ್ಸ್‌ಟೆನ್ಶನ್ ಬೋರ್ಡಿನ ಸ್ವಿಚ್. ಆಮೇಲೆ ಯುಪಿಎಸ್. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಕಣ್ಣಾಮುಚ್ಚಾಲೆ ಆಡುವುದು ಮಾಮೂಲು, ಅದರಿಂದ ಯುಪಿಎಸ್ ಬ್ಯಾಟರಿ ಎರಡು ಮೂರು ವರ್ಷಕ್ಕೇ ಸೋತುಹೋಗುತ್ತದೆ. ಕಂಪ್ಯೂಟರನ್ನು ಯುಪಿಎಸ್ ಬಿಟ್ಟು ನೇರ ಗೋಡೆಗೆ ಹಾಕಿ ನೋಡಿ. ಆನ್ ಆಯಿತಾ? ಹಾಗಾದರೆ ಕಾಯಿಲೆ ಯುಪಿಎಸ್‌ನದು, ಬರೀ ಬ್ಯಾಟರಿ ಬದಲಿಸಿದರೂ ಆಗಬಹುದು. ಸಿಪಿಯು ಹಿಂಭಾಗದಲ್ಲಿ, ವೈರ್ ಸಿಕ್ಕಿಸುವ ಜಾಗದ ಪಕ್ಕ ಇನ್ನೊಂದು ಪುಟ್ಟ ಸ್ವಿಚ್ ಇರುತ್ತದೆ. ಕಸ ಗುಡಿಸುವಾಗ ಪೊರಕೆ ತಗುಲಿ ಅದು ಆಫ್ ಆಗಿರುವುದೂ ಉಂಟು!

ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮತ್ತೆ ಚಾರ್ಜರ್ ಹಾಕಿ ಆನ್ ಮಾಡಿ. ಬಹಳಷ್ಟು ಸಲ ಇಷ್ಟಕ್ಕೇ ಎದ್ದು ಕೂರುತ್ತದೆ.

ಸಿಪಿಯು ಡಬ್ಬ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಯೇ? ‘ಅದು ಯಾವಾಗಲೂ ಹಾಗೇ’ ಅಂತ ಬಿಡಬೇಡಿ. ಮನೆಯ ಅರ್ಥಿಂಗ್ ಸರಿಯಿಲ್ಲ ಎಂಬ ಸೂಚನೆ ಅದು. ಎಲೆಕ್ಟ್ರಿಷಿಯನ್‌ನ ಕರೆಸಿ. ಮಕ್ಕಳು ಬರಿಗಾಲಲ್ಲಿ ಕೂತು ಮುಟ್ಟುವ ವಸ್ತುವದು.

ಲೈಟಿದೆ, ಪರದೆ ಮಾತ್ರ ಕಪ್ಪು

ಫ್ಯಾನ್ ತಿರುಗುವ ಸದ್ದಿದ್ದು ಪರದೆ ಕಪ್ಪಗಿದ್ದರೆ, ಮಾನಿಟರ್ ಕೇಬಲ್ಲನ್ನು ಎರಡೂ ಕಡೆ ಬಿಚ್ಚಿ ಮತ್ತೆ ಗಟ್ಟಿಯಾಗಿ ಸಿಕ್ಕಿಸಿ. ಸಿಪಿಯುನಿಂದ ಬೀಪ್ ಬೀಪ್ ಸದ್ದು ಬರುತ್ತಿದ್ದರೆ ರ‍್ಯಾಮ್ ಅಲುಗಾಡಿರುವ ಸಾಧ್ಯತೆ ಹೆಚ್ಚು. ಧೈರ್ಯವಿದ್ದರೆ ಪ್ಲಗ್ ಪೂರ್ತಿ ತೆಗೆದು, ಪಕ್ಕದ ಮುಚ್ಚಳ ಬಿಚ್ಚಿ, ಉದ್ದನೆಯ ಪಟ್ಟಿಯಂಥ ರ‍್ಯಾಮನ್ನು ಎರಡೂ ತುದಿಯ ಕ್ಲಿಪ್ ಸರಿಸಿ ಹೊರತೆಗೆಯಿರಿ. ಅದರ ಚಿನ್ನದ ಬಣ್ಣದ ಅಂಚನ್ನು ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಅನ್ನುವಂತೆ ಮತ್ತೆ ಕೂರಿಸಿ. ಧೈರ್ಯವಿಲ್ಲದಿದ್ದರೂ ಪರವಾಗಿಲ್ಲ, ಅಂಗಡಿಯವರಿಗೆ ‘ರ‍್ಯಾಮ್ ತೆಗೆದು ಹಾಕಿ ನೋಡಿದ್ರಾ?’ ಅಂತ ಕೇಳಿದರೂ ಸಾಕು, ಅಕ್ಕನಿಗೆ ವಿಷಯ ಗೊತ್ತಿದೆ ಅಂತ ಅವರಿಗೆ ಅರ್ಥವಾಗುತ್ತದೆ!

ಆನ್ ಆಗಿ ‘ನೋ ಬೂಟಬಲ್ ಡಿವೈಸ್’ ಎಂದು ಬಿಳಿ ಅಕ್ಷರ ಬಂದರೆ, ಯಾವುದಾದರೂ ಪೆನ್‌ಡ್ರೈವ್ ಸಿಕ್ಕಿಸಿಯೇ ಬಿಟ್ಟಿದ್ದೀರಾ ನೋಡಿ. ತೆಗೆದು ಮತ್ತೆ ಆನ್ ಮಾಡಿ. ಅದಿಲ್ಲದೆಯೂ ಹಾಗೇ ಬಂದರೆ, ಅದರ ಜೊತೆ ಒಳಗಿನಿಂದ ಟಿಕ್ ಟಿಕ್ ಎಂದು ಗಡಿಯಾರದಂಥ ಸದ್ದು ಕೇಳಿದರೆ, ಹಾರ್ಡ್ ಡಿಸ್ಕ್ ಕೊನೆಯುಸಿರಿನಲ್ಲಿದೆ ಎಂದರ್ಥ. ಮತ್ತೆ ಮತ್ತೆ ಆನ್ ಮಾಡಿ ಪರೀಕ್ಷಿಸಬೇಡಿ, ಉಳಿದಿರುವುದೂ ಹೋಗುತ್ತದೆ.

ದಿನಾ ಬೆಳಿಗ್ಗೆ ಕಂಪ್ಯೂಟರ್ ಹಳೆಯ ತಾರೀಖು ತೋರಿಸುತ್ತಾ, ವೆಬ್‌ಸೈಟುಗಳೆಲ್ಲ ‘ಸುರಕ್ಷಿತವಲ್ಲ’ ಅನ್ನುತ್ತಿವೆಯೇ? ಅದು ವೈರಸ್ ಅಲ್ಲ. ಒಳಗಿರುವ ನಾಣ್ಯದಂಥ ಸಿಆರ್2032 ಬ್ಯಾಟರಿ ಮುಗಿದಿದೆ. ವಾಚ್ ಅಂಗಡಿಯಲ್ಲೂ ಸಿಗುತ್ತದೆ, ಬೆಲೆಯೂ ತೀರಾ ಕಡಿಮೆ.

ಆಮೆಯ ನಡಿಗೆ

ಮನೆಯ ಕಂಪ್ಯೂಟರಿನ ಮೇಲಿನ ದೂರುಗಳಲ್ಲಿ ಮೊದಲ ಸ್ಥಾನ ಇದಕ್ಕೇ. ‘ಆನ್ ಮಾಡಿ ಕಾಫಿ ಕುಡಿದು ಬಂದರೂ ತೆರೆದಿರಲ್ಲ.’ ಕಾರಣ ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದು.

ದೂಳು: ನಮ್ಮ ಸೀಮೆಯಲ್ಲಿ ಮೆಕ್ಕೆಜೋಳದ ಒಕ್ಕಣೆ ಶುರುವಾದರೆ ಕಿಟಕಿ ಮುಚ್ಚಿದರೂ ದೂಳು ಮನೆಯೊಳಗೆ ಬಂದೇ ಬರುತ್ತದೆ. ಸಿಪಿಯು ಫ್ಯಾನಿಗೆ ಅದು ಉಣ್ಣೆಯಂತೆ ಮೆತ್ತಿಕೊಂಡು, ಬಿಸಿ ಹೊರಗೆ ಹೋಗದೆ ಯಂತ್ರ ತಾನಾಗಿಯೇ ನಿಧಾನವಾಗುತ್ತದೆ, ಇದ್ದಕ್ಕಿದ್ದಂತೆ ಆಫ್ ಕೂಡ ಆಗುತ್ತದೆ. ಆರು ತಿಂಗಳಿಗೊಮ್ಮೆ ಪ್ಲಗ್ ತೆಗೆದು, ಮೆತ್ತನೆಯ ಪೇಂಟಿಂಗ್ ಬ್ರಶ್ಶಿನಿಂದ ದೂಳು ಜಾಡಿಸಿ. ಬ್ಲೋವರ್ ಹಿಡಿಯುವುದಾದರೆ ಫ್ಯಾನ್ ತಿರುಗದಂತೆ ಬೆರಳಿನಿಂದ ತಡೆಯಿರಿ. ಕರೆಂಟ್ ಬರುವ ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಲೇಬೇಡಿ, ಪ್ಲಗ್ ತೆಗೆದ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಇರಬಹುದು. ಅಂದಹಾಗೆ, ಕೀಬೋರ್ಡ್ ತಲೆಕೆಳಗು ಮಾಡಿ ತಟ್ಟಿ ನೋಡಿ. ನಮ್ಮನೆಯಲ್ಲಿ ಒಂದು ಹಿಡಿ ಮಂಡಕ್ಕಿ ಉದುರಿತ್ತು!

ಜಾಗ: ಸಿ ಡ್ರೈವ್ ಕೆಂಪು ಬಣ್ಣ ತೋರಿಸುತ್ತಿದ್ದರೆ ಅದು ಉಸಿರುಗಟ್ಟಿದೆ. ಡೌನ್‌ಲೋಡ್ಸ್‌ನಲ್ಲಿ ಬಿದ್ದಿರುವ ಹಳೆಯ ಸಿನಿಮಾ, ನೋಡಿ ಮುಗಿದ ವಿಡಿಯೊ ಅಳಿಸಿ. ರೀಸೈಕಲ್ ಬಿನ್ ಖಾಲಿ ಮಾಡಿ. ಅಳಿಸುವ ಮುನ್ನ ಅದರಲ್ಲಿ ಬೇಕಾದ್ದು ಯಾವುದೂ ಇಲ್ಲ ಅಂತ ಎರಡು ಸಲ ನೋಡಿ, ಕಸದ ಜೊತೆ ಮಾಂಗಲ್ಯ ಎಸೆದಂತಾಗಬಾರದು.

ಕರೆಯದೇ ಬರುವ ನೆಂಟರು: ಕಂಪ್ಯೂಟರ್ ಆನ್ ಆಗುತ್ತಿದ್ದಂತೆಯೇ ಹತ್ತಾರು ಪ್ರೋಗ್ರಾಂಗಳು ತಾವಾಗಿಯೇ ಎದ್ದು ಕೂರುತ್ತವೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಅದರಲ್ಲಿ ‘ಸ್ಟಾರ್ಟಪ್’ ಎಂಬಲ್ಲಿಗೆ ಹೋಗಿ, ಬೇಡದವನ್ನು ‘ಡಿಸೇಬಲ್’ ಮಾಡಿ. ಪ್ರೋಗ್ರಾಂ ಅಳಿಸಿಹೋಗುವುದಿಲ್ಲ, ಕರೆದಾಗ ಮಾತ್ರ ಬರುತ್ತದೆ.

ಹಳೆಯ ಡಿಸ್ಕ್: ಏಳೆಂಟು ವರ್ಷದ ಕಂಪ್ಯೂಟರಾದರೆ ಅದರಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇರುವ ಸಾಧ್ಯತೆ ಹೆಚ್ಚು. ಅದರ ಬದಲು ಎಸ್‌ಎಸ್‌ಡಿ ಹಾಕಿಸಿ ನೋಡಿ, ಅದೇ ಕಂಪ್ಯೂಟರಾ ಇದು ಅನ್ನಿಸುತ್ತದೆ. ರ‍್ಯಾಮ್ 4 ಜಿಬಿ ಇದ್ದರೆ 8 ಜಿಬಿ ಮಾಡಿಸಬಹುದು. ಎರಡೂ ಸೇರಿ ಸಾಮಾನ್ಯವಾಗಿ ಹೊಸ ಕಂಪ್ಯೂಟರಿನ ಬೆಲೆಗಿಂತ ಎಷ್ಟೋ ಕಡಿಮೆ. ಎರಡು ಮೂರು ಕಡೆ ಬೆಲೆ ವಿಚಾರಿಸಿಯೇ ತೀರ್ಮಾನಿಸಿ.

ಹೆದರಿಸುವವರಿದ್ದಾರೆ, ಎಚ್ಚರ!

ರೆಸಿಪಿ ಹುಡುಕುತ್ತಿದ್ದಾಗ ಇದ್ದಕ್ಕಿದ್ದಂತೆ ಪರದೆ ತುಂಬ ಕೆಂಪು ಬಣ್ಣ, ಕಿವಿ ಗಡಚಿಕ್ಕುವ ಸದ್ದು. ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಆಫ್ ಮಾಡಬೇಡಿ, ಕೂಡಲೇ ಈ ನಂಬರಿಗೆ ಫೋನ್ ಮಾಡಿ’ ಎಂಬ ಸಂದೇಶ. ಇದು ಶುದ್ಧ ಮೋಸ. ಮೈಕ್ರೋಸಾಫ್ಟ್ ಆಗಲಿ ಬೇರಾವ ಕಂಪನಿಯಾಗಲಿ ಪರದೆಯ ಮೇಲೆ ಫೋನ್ ನಂಬರ್ ಕೊಟ್ಟು ಹೀಗೆ ಕರೆಯುವುದಿಲ್ಲ. ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿ ಆ ಕಿಟಕಿ ಮುಚ್ಚಿ. ಆಗದಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರನ್ನು ಆರಿಸಿ ‘ಎಂಡ್ ಟಾಸ್ಕ್’ ಕೊಡಿ. ಅದಕ್ಕೂ ಬಗ್ಗದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ.

ಫೋನಿನಲ್ಲಿ ಎಷ್ಟೇ ನಯವಾಗಿ ಮಾತನಾಡಿದರೂ ಅಪರಿಚಿತರು ಹೇಳಿದ ಆ್ಯಪ್ ಹಾಕಿಕೊಳ್ಳಬೇಡಿ, ನಿಮ್ಮ ಪರದೆ ಅವರಿಗೆ ಕಾಣುವಂತೆ ಮಾಡಬೇಡಿ, ಓಟಿಪಿ ಕೊಡಬೇಡಿ. ಹಣ ಹೋಗಿಯೇಬಿಟ್ಟರೆ ‘ಮನೆಯವರು ಬೈತಾರೆ’ ಅಂತ ಮುಚ್ಚಿಟ್ಟುಕೊಂಡು ಅಳುತ್ತಾ ಕೂರಬೇಡಿ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.

ಇನ್ನು ಜೆರಾಕ್ಸ್ ಅಂಗಡಿಯ ಪೆನ್‌ಡ್ರೈವ್ ಪ್ರಸಾದ! ಪ್ರಿಂಟ್ ತೆಗೆಸಿ ಬಂದ ಮೇಲೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣುತ್ತಿದ್ದರೆ ಯಾವುದನ್ನೂ ಒತ್ತಬೇಡಿ. ವಿಂಡೋಸ್ ಜೊತೆಗೇ ಬರುವ ‘ಡಿಫೆಂಡರ್’ನಿಂದ ಮೊದಲು ಸ್ಕ್ಯಾನ್ ಮಾಡಿ. ಮನೆಯ ಬಳಕೆಗೆ ಅದು ಸಾಕಾಗುತ್ತದೆ.

ವಿಂಡೋಸ್ 10 ಮುಗೀತಂತೆ, ಮುಂದೇನು?

ಈಗ ಆ ದೊಡ್ಡ ಗುಮ್ಮನ ವಿಷಯಕ್ಕೆ ಬರೋಣ. ಅದಕ್ಕೂ ಮೊದಲು ಆಪರೇಟಿಂಗ್ ಸಿಸ್ಟಂ ಅಂದರೇನು? ನಮ್ಮನ್ನೇ ನೋಡಿಕೊಳ್ಳಿ. ಮನೆಯಲ್ಲಿ ಒಲೆ ಯಾವಾಗ ಯಾರಿಗೆ, ಸಕ್ಕರೆ ಡಬ್ಬ ಎಲ್ಲಿ, ಬಾಗಿಲು ಬಡಿದವರನ್ನು ಒಳಗೆ ಬಿಡಬೇಕಾ ಬೇಡವಾ, ಎಲ್ಲವನ್ನೂ ನಿಭಾಯಿಸುವವಳು ಗೃಹಿಣಿ. ಕಂಪ್ಯೂಟರಿನೊಳಗೆ ಇದೇ ಕೆಲಸ ಮಾಡುವ ಯಜಮಾನಿಯೇ ಆಪರೇಟಿಂಗ್ ಸಿಸ್ಟಂ. ವಿಂಡೋಸ್ ಅಂಥದ್ದೊಂದು. ಆ್ಯಪಲ್ ಕಂಪ್ಯೂಟರಿನಲ್ಲಿರುವ ಮ್ಯಾಕ್ ಇನ್ನೊಂದು. ಉಚಿತವಾಗಿ ಸಿಗುವ ಲಿನಕ್ಸ್ ಮತ್ತೊಂದು.

ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ ಕಂಪನಿ ಕೈಬಿಟ್ಟಂತೆ, ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ಹಾಗಂತ ಮಾರನೇ ದಿನ ಕಂಪ್ಯೂಟರ್ ನಿಂತುಹೋಗಲಿಲ್ಲ. ನಿಂತದ್ದು ಭದ್ರತೆಯ ರಿಪೇರಿ. ಅಂದರೆ ಬಾಗಿಲಿನಲ್ಲಿ ಹೊಸದಾಗಿ ಬಿರುಕು ಬಿಟ್ಟರೆ ಕಂಪನಿ ಬಂದು ಮುಚ್ಚುವುದಿಲ್ಲ. ಬ್ಯಾಂಕ್ ಕೆಲಸ ಮಾಡುವವರಿಗೆ ಇದು ಅಸಡ್ಡೆ ಮಾಡುವ ವಿಷಯವಲ್ಲ. ಮೈಕ್ರೋಸಾಫ್ಟ್ ಖಾತೆಯ ಮೂಲಕ ನೋಂದಾಯಿಸಿಕೊಂಡ ಮನೆಬಳಕೆಯ ಕಂಪ್ಯೂಟರುಗಳಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ರಿಪೇರಿ ಮುಂದುವರಿಸುವ ವ್ಯವಸ್ಥೆಯನ್ನು ಕಂಪನಿ ಮಾಡಿತು. ಅದು ಸ್ವಲ್ಪ ಕಾಲಾವಕಾಶ ಅಷ್ಟೇ, ಶಾಶ್ವತ ಪರಿಹಾರವಲ್ಲ.

ನಿಮ್ಮ ಕಂಪ್ಯೂಟರ್ ವಿಂಡೋಸ್ 11ಕ್ಕೆ ಅರ್ಹವೇ? ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಆದರೆ ಸಾಧಾರಣವಾಗಿ 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು. ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದೇ ಬೇಡ. ಮೈಕ್ರೋಸಾಫ್ಟ್‌ನದೇ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ಆ್ಯಪ್ ಇದೆ, ಅದೇ ಪರೀಕ್ಷಿಸಿ ಹೇಳುತ್ತದೆ. ಕೆಲವೊಮ್ಮೆ ಟಿಪಿಎಂ ಇದ್ದೂ ಆಫ್ ಆಗಿರುತ್ತದೆ, ಗೊತ್ತಿದ್ದವರು ಐದು ನಿಮಿಷದಲ್ಲಿ ಆನ್ ಮಾಡಿಕೊಡುತ್ತಾರೆ. ಅರ್ಹವಿದ್ದರೆ, ಅಸಲಿ ವಿಂಡೋಸ್ 10 ಇದ್ದವರಿಗೆ 11 ಉಚಿತ. ಇದಕ್ಕೆ ಯಾರಿಗೂ ಸಾವಿರಾರು ರೂಪಾಯಿ ತೆರಬೇಕಿಲ್ಲ.

‘ಅಸಲಿ’ ಅನ್ನುವ ಮಾತು ಯಾಕೆ ಬಂತೆಂದರೆ, ಎಷ್ಟೋ ಮನೆಗಳ ಕಂಪ್ಯೂಟರಿನಲ್ಲಿ ಇರುವುದು ಕ್ರ್ಯಾಕ್ ಮಾಡಿದ ವಿಂಡೋಸ್. ಅದನ್ನು ಆ್ಯಕ್ಟಿವೇಟ್ ಮಾಡುವ ಕಳ್ಳ ಪ್ರೋಗ್ರಾಂಗಳ ಜೊತೆಗೇ ಪಾಸ್‌ವರ್ಡ್ ಕದಿಯುವ ವೈರಸ್ ಕೂಡ ಬರುವುದುಂಟು. ಕದ್ದ ಬೀಗ ಹಾಕಿ ಮನೆ ಭದ್ರವಾಯಿತು ಅಂದುಕೊಂಡರೆ ಹೇಗೆ? ಹೊಸ ಕಂಪ್ಯೂಟರ್ ಕೊಳ್ಳುವಾಗ ಬಿಲ್ಲಿನಲ್ಲಿ ವಿಂಡೋಸ್ ಲೈಸೆನ್ಸ್ ನಮೂದಾಗಿದೆಯಾ ನೋಡಿ.

ಪುಕ್ಕಟೆಯಾದರೂ ಗಟ್ಟಿ ಮನೆ

ನಮ್ಮನೆಯ ಕಂಪ್ಯೂಟರ್ 2016ರದು. ಹೆಲ್ತ್ ಚೆಕ್‌ನಲ್ಲಿ ಫೇಲಾಯಿತು. ‘ಹೊಸದು ತಗೊಂಡುಬಿಡೋಣ’ ಅಂದರು ನಮ್ಮನೆಯವರು. ಮಗಳ ಕಾಲೇಜು ಫೀಸು ಕಟ್ಟಬೇಕಾದ ತಿಂಗಳದು. ಒಂದು ಕೈ ನೋಡೇಬಿಡೋಣ ಅಂತ ಲಿನಕ್ಸ್ ಮಿಂಟ್ ಪ್ರಯತ್ನಿಸಿದೆ.

ಲಿನಕ್ಸ್ ಎಂದ ಕೂಡಲೇ ‘ಅಯ್ಯೋ, ಅದು ಎಂಜಿನಿಯರುಗಳಿಗೆ’ ಅನ್ನುವವರೇ ಹೆಚ್ಚು. ಹಾಗೇನಿಲ್ಲ. ಗಡಿಯಾಚೆ ಕಾಸರಗೋಡನ್ನೇ ನೋಡಿ. ಕೇರಳದ ಸರ್ಕಾರಿ ಶಾಲೆಗಳಲ್ಲಿ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಎಂಬ ಯೋಜನೆ ಶುರುವಾಗಿ, ನಂತರ ಅದು ಲಿನಕ್ಸ್‌ನಂಥ ಮುಕ್ತ ತಂತ್ರಾಂಶಕ್ಕೆ ಹೊರಳಿತು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಚಿತ್ರ ಬಿಡಿಸುವುದು, ಲೆಕ್ಕ ಮಾಡುವುದು ಕಲಿತದ್ದು ಅದರಲ್ಲೇ. ಪ್ರೈಮರಿ ಮಕ್ಕಳಿಗೆ ಬರುವುದು ನಮಗೆ ಬಾರದೇ?

ಇದರಲ್ಲಿ ನನಗೆ ಹಿಡಿಸಿದ್ದು, ಇನ್‌ಸ್ಟಾಲ್ ಮಾಡದೆಯೇ ರುಚಿ ನೋಡಬಹುದು ಅನ್ನುವುದು. ಒಂದು 8 ಜಿಬಿ ಪೆನ್‌ಡ್ರೈವ್ ಖಾಲಿ ಮಾಡಿಕೊಳ್ಳಿ. ಲಿನಕ್ಸ್ ಮಿಂಟ್‌ನ ಜಾಲತಾಣದಿಂದ ಫೈಲ್ ಇಳಿಸಿಕೊಂಡು, ರೂಫಸ್ ಅಥವಾ ಎಚರ್ ಎಂಬ ಉಚಿತ ಪ್ರೋಗ್ರಾಂ ಮೂಲಕ ಪೆನ್‌ಡ್ರೈವಿಗೆ ಬರೆಯಬೇಕು. ಮಗನೋ ಮಗಳೋ ಪಕ್ಕದ ಮನೆಯ ಕಾಲೇಜು ಹುಡುಗನೋ ಮಾಡಿಕೊಡುವಂಥ ಕೆಲಸ. ಆ ಪೆನ್‌ಡ್ರೈವ್ ಹಾಕಿ ಕಂಪ್ಯೂಟರ್ ಆನ್ ಮಾಡುವಾಗ ಎಫ್12 ಅಥವಾ ಎಸ್ಕೇಪ್ ಕೀಲಿ ಒತ್ತಿದರೆ, ಯಾವುದರಿಂದ ಶುರು ಮಾಡಲಿ ಅಂತ ಕೇಳುತ್ತದೆ. ಒಂದೊಂದು ಕಂಪನಿಯದರಲ್ಲಿ ಒಂದೊಂದು ಕೀಲಿ. ಪೆನ್‌ಡ್ರೈವ್ ಆರಿಸಿದರೆ ಮಿಂಟ್ ತೆರೆಯುತ್ತದೆ. ಡಿಸ್ಕಿನಲ್ಲಿರುವ ವಿಂಡೋಸ್ ಹಾಗೇ ಇರುತ್ತದೆ. ವೈಫೈ ಸಿಗುತ್ತಾ, ಸೌಂಡ್ ಬರುತ್ತಾ, ಪ್ರಿಂಟರ್ ಕೆಲಸ ಮಾಡುತ್ತಾ ನೋಡಿ. ಹಿಡಿಸದಿದ್ದರೆ ಪೆನ್‌ಡ್ರೈವ್ ಕಿತ್ತರಾಯಿತು!

ನಾನು ಎರಡು ವಾರ ಹೀಗೇ ನೋಡಿ, ಎಲ್ಲವನ್ನೂ ಕಾಪಿ ಮಾಡಿಕೊಂಡ ಮೇಲೆಯೇ ಇನ್‌ಸ್ಟಾಲ್ ಮಾಡಿಸಿದೆ. ಆಗ ಒಂದು ಹಂತದಲ್ಲಿ ‘ಇರೇಸ್ ಡಿಸ್ಕ್’ ಎಂದು ಬರುತ್ತದೆ. ಅದನ್ನೊತ್ತಿದರೆ ಇಡೀ ಡಿಸ್ಕ್ ಸ್ವಚ್ಛ! ವಿಂಡೋಸನ್ನೂ ಉಳಿಸಿಕೊಂಡು ಪಕ್ಕದಲ್ಲೇ ಲಿನಕ್ಸ್ ಹಾಕುವ ಆಯ್ಕೆಯೂ ಇದೆ. ಇಲ್ಲಿ ಅವಸರ ಬೇಡ.

ಮೊದಲ ವಾರ ಪರದಾಡಿದ್ದು ನಿಜ. ಈಗ ನಮ್ಮ ಸ್ವಸಹಾಯ ಸಂಘದ ಎಕ್ಸೆಲ್ ಲೆಕ್ಕವನ್ನು ಅದರ ಜೊತೆಗೇ ಬರುವ ಲಿಬ್ರೆ ಆಫೀಸ್‌ನಲ್ಲಿ ತೆರೆದು ಬರೆಯುತ್ತೇನೆ. ಅಲ್ಲಲ್ಲಿ ಕಾಲಂ ಅಗಲ ಹೆಚ್ಚುಕಮ್ಮಿ ಆಗುತ್ತದೆ, ಅಷ್ಟೇ. ಬ್ಯಾಂಕು, ಪಹಣಿ ನೋಡುವುದು, ಯೂಟ್ಯೂಬ್, ಮಗಳ ಆನ್‌ಲೈನ್ ಕ್ಲಾಸು ಎಲ್ಲ ಬ್ರೌಸರಿನಲ್ಲೇ ನಡೆಯುತ್ತದೆ.

ಕೆಲಸ ನೋಡಿ ಆರಿಸಿ

ಹಾಗಂತ ಎಲ್ಲರೂ ಲಿನಕ್ಸ್ ಹಾಕಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಸೀರೆ ಕೊಳ್ಳುವಾಗ ಯಾವ ಸಮಾರಂಭಕ್ಕೆ ಅಂತ ಯೋಚಿಸುವುದಿಲ್ಲವೇ? ಇಲ್ಲೂ ಹಾಗೆಯೇ. ಒಂದು ಹಾಳೆ ತೆಗೆದುಕೊಂಡು, ಮನೆಯಲ್ಲಿ ಯಾರು ಏನು ಮಾಡುತ್ತಾರೆ ಅಂತ ಪಟ್ಟಿ ಬರೆಯಿರಿ.

ಅಂಗಡಿಯ ಟ್ಯಾಲಿ ಲೆಕ್ಕ, ಡಿಜಿಟಲ್ ಸಿಗ್ನೇಚರ್ ಕೆಲಸ, ಹಳೆಯ ನುಡಿ ಅಥವಾ ಬರಹ ತಂತ್ರಾಂಶ, ಕಾಲೇಜಿನವರು ಇದೇ ಬೇಕು ಎಂದ ಪ್ರೋಗ್ರಾಂ ಇವುಗಳಲ್ಲಿ ಯಾವುದಾದರೂ ಇದ್ದರೆ ವಿಂಡೋಸ್‌ನಲ್ಲೇ ಇರುವುದು ಒಳ್ಳೆಯದು. ಇಂಟರ್‌ನೆಟ್, ಫೋಟೊ, ಟೈಪಿಂಗ್, ಹಾಡು, ಸಣ್ಣ ಲೆಕ್ಕ ಇಷ್ಟೇ ಆದರೆ ಲಿನಕ್ಸ್ ಮಿಂಟ್ ಧಾರಾಳವಾಗಿ ಸಾಕು. ತೀರಾ ಹಳೆಯ ಯಂತ್ರಕ್ಕೆ ಅದರಲ್ಲೇ ‘ಎಕ್ಸ್ಎಫ್‌ಸಿಇ’ ಎಂಬ ಹಗುರ ಆವೃತ್ತಿ ಇದೆ. ಬರೀ ಬ್ರೌಸರ್ ಸಾಕು ಅನ್ನುವವರಿಗೆ ಗೂಗಲ್‌ನ ‘ಕ್ರೋಮ್ ಓಎಸ್ ಫ್ಲೆಕ್ಸ್’ ಕೂಡ ಉಚಿತವಾಗಿ ಸಿಗುತ್ತದೆ. ನಮ್ಮ ದೇಶದ್ದೇ ಬೇಕು ಅನ್ನುವವರಿಗೆ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ‘ಬಾಸ್’ ಇದೆ, ಅದೂ ಲಿನಕ್ಸ್ ಕುಟುಂಬದ್ದೇ. ಕೆಲವು ಹಳೆಯ ಪ್ರಿಂಟರ್‌ಗಳು ಲಿನಕ್ಸ್‌ಗೆ ಒಗ್ಗುವುದಿಲ್ಲ, ಮೊದಲೇ ಪರೀಕ್ಷಿಸಿ.

ಕನ್ನಡ ಬರೆಯುವುದು ಹೇಗೆ?

ನಾನು ಮೊದಲು ಕೇಳಿದ ಪ್ರಶ್ನೆಯೇ ಇದು. ಈಗಿನ ವಿಂಡೋಸ್‌ನಲ್ಲಿ ಬೇರೆ ತಂತ್ರಾಂಶವಿಲ್ಲದೆಯೇ ಕನ್ನಡ ಬರೆಯಬಹುದು. ಸೆಟ್ಟಿಂಗ್ಸ್‌ನಲ್ಲಿ ‘ಲ್ಯಾಂಗ್ವೇಜ್’ಗೆ ಹೋಗಿ ಕನ್ನಡ ಸೇರಿಸಿ, ‘ಫೊನೆಟಿಕ್’ ಕೀಬೋರ್ಡ್ ಆರಿಸಿಕೊಳ್ಳಿ. ಲಿನಕ್ಸ್ ಮಿಂಟ್‌ನಲ್ಲಿ ಕೀಬೋರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ‘ಕನ್ನಡ (ಕಗಪ)’ ಎಂಬುದನ್ನು ಸೇರಿಸಿದರೆ ಆಯಿತು. ಕಗಪ ಎಂದರೆ ನುಡಿ ತಂತ್ರಾಂಶ ಕೊಟ್ಟ ನಮ್ಮ ಕನ್ನಡ ಗಣಕ ಪರಿಷತ್ತೇ. ನುಡಿಯಲ್ಲಿ ಕೈ ಪಳಗಿದವರಿಗೆ ಹೊಂದಿಕೊಳ್ಳಲು ಹೆಚ್ಚು ದಿನ ಬೇಕಾಗುವುದಿಲ್ಲ.

ಹಳೆಯ ನುಡಿ ಫೈಲುಗಳ ಬಗ್ಗೆ ಮಾತ್ರ ಜೋಪಾನ. ಯೂನಿಕೋಡ್ ಬರುವ ಮುಂಚಿನ ರೀತಿಯಲ್ಲಿ ಬರೆದವು, ಆ ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಫೈಲ್ ಹಾಳಾಯಿತೆಂದು ಅಳಿಸಿಬಿಡಬೇಡಿ. ಪರಿವರ್ತಕಗಳ ಮೂಲಕ ಅದನ್ನು ಯೂನಿಕೋಡ್‌ಗೆ ಬದಲಿಸಬಹುದು. ಈ ಕೆಲಸವನ್ನು ಹಳೆಯ ಕಂಪ್ಯೂಟರ್ ಇನ್ನೂ ನಡೆಯುತ್ತಿರುವಾಗಲೇ ಮಾಡಿಕೊಂಡರೆ ಕ್ಷೇಮ.

ಅಂಗಡಿಗೆ ಕೊಡುವ ಮುನ್ನ ನೆನಪಿಡಿ

* ಫೋಟೊ, ವಿಡಿಯೊಗಳನ್ನು ಕಾಪಿ ಮಾಡಿಕೊಂಡು, ಸಾಧ್ಯವಾದರೆ ಕಂಪ್ಯೂಟರಿನಿಂದ ತೆಗೆದುಬಿಡಿ. ನಮ್ಮ ಮನೆಯ ಹೆಣ್ಣುಮಕ್ಕಳ ಫೋಟೊ ಯಾರ ಕೈಗೂ ಸಿಗಬಾರದು. ಹಾರ್ಡ್ ಡಿಸ್ಕಿಗೆ ಸಂಬಂಧವಿಲ್ಲದ ರಿಪೇರಿಯಾದರೆ ಡಿಸ್ಕ್ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಮಾತ್ರ ಕೊಡಬಹುದು.

* ಜಿಮೇಲ್, ಫೇಸ್‌ಬುಕ್, ವಾಟ್ಸ್‌ಆ್ಯಪ್ ವೆಬ್, ಬ್ಯಾಂಕ್ ಎಲ್ಲದರಿಂದಲೂ ಲಾಗ್‌ಔಟ್ ಆಗಿ.

* ‘ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ’ ಎಂದು ಬಾಯಲ್ಲಿ ಹೇಳಿ, ರಸೀದಿಯಲ್ಲೂ ಬರೆಸಿ.

* ವಿಂಡೋಸ್ ಹೊಸದಾಗಿ ಹಾಕಲೇಬೇಕು ಅಂದರೆ, ‘ರೀಸೆಟ್’ ಮಾಡುವಾಗ ‘ಕೀಪ್ ಮೈ ಫೈಲ್ಸ್’ ಎಂಬ ಆಯ್ಕೆ ಇದೆಯಲ್ಲ ಅಂತ ಕೇಳಿ. ಪ್ರೋಗ್ರಾಂಗಳು ಹೋದರೂ ಫೋಟೊಗಳು ಉಳಿಯುತ್ತವೆ. ಆದರೂ ಕಾಪಿ ಇಲ್ಲದೆ ಇದಕ್ಕೂ ಕೈ ಹಾಕಬೇಡಿ.

* ಯಾವ ಭಾಗ ಬದಲಿಸಿದರು ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ತೆಗೆದ ಹಳೆಯ ಭಾಗವನ್ನು ವಾಪಸ್ ಕೇಳಿ.

* ಪರದೆಯ ಮೇಲೆ ಬಂದ ತಪ್ಪು ಸಂದೇಶವನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ‘ಏನೋ ಇಂಗ್ಲಿಷಿನಲ್ಲಿ ಬಂತು’ ಅನ್ನುವುದಕ್ಕಿಂತ ಅದು ಎಷ್ಟೋ ಉಪಯೋಗಕ್ಕೆ ಬರುತ್ತದೆ.

ಕೊನೆಗೊಂದು ಮಾತು. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವುದು, ಮಿಕ್ಸಿಯ ಬ್ಲೇಡ್ ಬಿಚ್ಚುವುದು, ಗ್ಯಾಸ್ ರೆಗ್ಯುಲೇಟರ್ ಬದಲಿಸುವುದು ನಮಗೆ ಯಾರು ಹೇಳಿಕೊಟ್ಟರು? ಮಾಡುತ್ತಾ ಮಾಡುತ್ತಾ ಬಂತು. ಇದೂ ಹಾಗೆಯೇ ಬರುತ್ತದೆ.

ಮೊನ್ನೆ ನಮ್ಮ ನಾದಿನಿ ಫೋನ್ ಮಾಡಿದ್ದಳು. ‘ಅತ್ತಿಗೆ, ನನ್ನ ಹಳೇ ಲ್ಯಾಪ್‌ಟಾಪ್ ಆನ್ ಆಗ್ತಿರಲಿಲ್ಲ. ನೀವು ಹೇಳಿದಂಗೆ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದೆ, ಬಂತು! ಅದರಲ್ಲಿ ಅಮ್ಮ ಜೋಗುಳ ಹಾಡಿದ ಒಂದು ವಿಡಿಯೊ ಇದೆ, ಕಳಿಸ್ಲಾ?’ ಅಂದಳು.

ಬೇರೆ ವಿಡಿಯೊ. ಅರ್ಧ ನಿಮಿಷದ್ದು, ಮಸುಕು ಮಸುಕು. ಆದರೆ ದನಿ ಅತ್ತೆಯದೇ. ಅದನ್ನೀಗ ಮೂರು ಕಡೆ ಕಾಪಿ ಮಾಡಿಟ್ಟಿದ್ದೇನೆ. ನಿಮ್ಮ ಮನೆಯ ಕಂಪ್ಯೂಟರಿನಲ್ಲೂ ಅಂಥದ್ದೊಂದು ಇದ್ದೇ ಇರುತ್ತದೆ. ಈ ಪುಟ ಮಡಚಿಟ್ಟು, ಇವತ್ತೇ ಹೋಗಿ ಕಾಪಿ ಮಾಡಿಕೊಳ್ಳಿ. ಏನಂತೀರಾ?